ಹತ್ತನೆಯ ಜೊತೆ ಕಡ್ಡಿ

"ಎಲ್ಲಿಟ್ಟಿದೀಯೋ? ಬಾಯಿ ಬಿಡು!"

ವಾರ್ಡರನ ಲಾಠಿ ಮೂರನೆಯ ಕೈದಿಯ ಬೆನ್ನಿಗೆ ಬಿತ್ತು. ಮೊದಲ ಇಬ್ಬರು ಆಗಲೇ ಹೆಣಿಗೆ ಕೋಣೆಯ ಮೂಲೆಯಲ್ಲಿ ಮುದುಡಿ ಬಿದ್ದಿದ್ದರು. ಒಬ್ಬನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿದಿತ್ತು. ಹತ್ತು ಜೊತೆ ಉಕ್ಕಿನ ಕಡ್ಡಿಗಳಲ್ಲಿ ಒಂದು ಜೊತೆ ನಾಪತ್ತೆ. ಹೊರಗಿನವರಿಗೆ ಅದು ಉಣ್ಣೆ ಹೆಣೆಯುವ ಕಡ್ಡಿ, ಜೈಲಿನಲ್ಲಿ ಚೂರಿ.

"ಸಂಜೆಯೊಳಗೆ ಕಳ್ಳ ಸಿಗದಿದ್ರೆ ಈ ಕೋಣೆಗೆ ಬೀಗ," ಎಂದು ಜೈಲರ್ ಹೇಳಿ ಹೋಗಿದ್ದರು.

ಮೇಷ್ಟ್ರು ಮೇಜಿನ ಮೇಲಿದ್ದ ಒಂಬತ್ತು ಜೊತೆಗಳನ್ನು ಮತ್ತೊಮ್ಮೆ ಎಣಿಸಿದರು. ಹೆಣಿಗೆ ಕಲಿಸುತ್ತಿದ್ದುದಕ್ಕೆ ಆ ಹೆಸರು, ಅವರೂ ಕೈದಿಯೇ. ಸ್ವಂತ ತಮ್ಮನ ಕತ್ತು ಹಿಸುಕಿ ಒಳಗೆ ಬಂದವರು. ಮೊದಲ ವರ್ಷಗಳಲ್ಲಿ ಆ ಕೈಗಳು ಸಿಕ್ಕಸಿಕ್ಕವರನ್ನೆಲ್ಲ ಗುದ್ದುತ್ತಿದ್ದವು. ಉಣ್ಣೆ ಹಿಡಿದ ಮೇಲೆ ಕಣ್ಣಿಗೆ ನಿದ್ದೆ ಹತ್ತಿತು. ಉಳಿದ ಒಂಬತ್ತು ಗಂಡಸರೂ ಅಷ್ಟೇ. ಮಾತೆತ್ತಿದರೆ ಮೈಮೇಲೆ ಬೀಳುತ್ತಿದ್ದವರು ಈಗ ಕಾಲುಚೀಲದ ಹಿಮ್ಮಡಿ ತಿರುಗಿಸುವುದು ಹೇಗೆಂದು ವಾದಿಸುತ್ತಿದ್ದರು.

ವಾರ್ಡರ್ ಮಾತ್ರ ಮೊದಲ ದಿನವೇ "ಬಳೆನೂ ತೊಟ್ಕೊಳ್ರೋ" ಎಂದು ಹಂಗಿಸಿದ್ದ. ಅಂದಿನಿಂದ ಕಿಟಕಿ ಬಳಿ ನಿಂತು ಅವರ ಬೆರಳುಗಳ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ.

ಲಾಠಿ ನಾಲ್ಕನೆಯವನತ್ತ ತಿರುಗಿತು. ಅವನು ಕೆಮ್ಮಿನ ರೋಗಿ. ಎರಡೇಟು ತಡೆಯುವ ಮೈಯಲ್ಲ.

"ಅವನನ್ನ ಬಿಡಿ ಸಾರ್," ಮೇಷ್ಟ್ರು ಎದ್ದರು. "ನಾನೇ ಕದ್ದಿದ್ದು. ಸಂಡಾಸಿಗೆ ಹಾಕಿ ನೀರು ಬಿಟ್ಟೆ."

ವಾರ್ಡರ್ ಗಕ್ಕನೆ ನಿಂತ. ಅವನ ಮುಖ ಬಿಳಿಚಿಕೊಂಡಿತು.

"ನೀನಾ?"

"ಹೂಂ ಸಾರ್. ನಾನೇ."

ಕೈಯನ್ನು ಮೇಜಿನ ಮೇಲೆ ಇಡಿಸಿ ಹೊಡೆದ. ಬಲಗೈಯ ಮೂರು ಬೆರಳು ಲಟಲಟನೆ ಮುರಿದವು. ಮೇಷ್ಟ್ರು ಚೀರಿದರು, ಮಾತು ಬದಲಿಸಲಿಲ್ಲ. ಜೈಲರ್ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡರು. ಕೋಣೆ ಉಳಿಯಿತು.

ಮರುದಿನ ಮಧ್ಯಾಹ್ನ ವಾರ್ಡರ್ ಜೈಲಿನ ಆಸ್ಪತ್ರೆಗೆ ಬಂದ. ಒಳಗಿನಿಂದ ಚಿಲಕ ಹಾಕಿದ. ಮೇಷ್ಟ್ರು ಪಟ್ಟಿ ಸುತ್ತಿದ ಕೈಯನ್ನು ಎದೆಗವಚಿಕೊಂಡು ಗೋಡೆಗೆ ಸರಿದರು. ಇನ್ನೊಂದು ಕೈಯೂ ಹೋಯಿತು ಅಂದುಕೊಂಡರು.

ವಾರ್ಡರ್ ಮಂಚದ ಅಂಚಿನಲ್ಲಿ ಕುಳಿತ. ಅಂಗಿಯ ಗುಂಡಿ ಬಿಚ್ಚಿ, ಒಳಗಿನಿಂದ ಎರಡು ಉಕ್ಕಿನ ಕಡ್ಡಿಗಳನ್ನು ತೆಗೆದ. ಅವುಗಳಿಂದ ಗೇಣುದ್ದದ ಸೊಟ್ಟ ಮಫ್ಲರೊಂದು ಜೋತಾಡುತ್ತಿತ್ತು.

"ಇದನ್ನ ಹಿಡ್ಕೊಂಡು ಕೂತೆ, ನಿನ್ನೆ ಮನೇಲಿ ಯಾರಿಗೂ ಹೊಡೀಲಿಲ್ಲ ಮೇಷ್ಟ್ರೇ," ಎಂದು ಅದನ್ನು ಮುಂದೆ ಚಾಚಿದ. "ಇಲ್ಲೊಂದು ಕುಣಿಕೆ ಜಾರಿಬಿಟ್ಟಿದೆ. ಎತ್ತೋದು ಹೇಗೆ, ಹೇಳ್ಕೊಡಿ."