ತಗ್ಗಿನ ಗುಲಾಬಿ ಬಾವುಟಗಳು

ಮೂವತ್ತೊಂದನೆಯ ಬಾವುಟವನ್ನು ಕಿತ್ತು ವೆಂಡೆಲ್ ಸ್ಕೂಗ್ ಬಕೆಟ್ಟಿಗೆ ಎಸೆದ. ಅಲ್ಲಿಗೆ ಮುಗಿಯಿತು. ತಂತಿಯ ಕಾಲಿನ ಪುಟ್ಟ ಗುಲಾಬಿ ಬಾವುಟಗಳು. ಹಿಂದಿನ ದಿನ ರಬ್ಬರ್ ಬೂಟಿನ ಹುಡುಗಿಯೊಬ್ಬಳು, ಸರ್ಕಾರದವಳು, ಮನೆಯ ಮುಂದಿನ ತಗ್ಗಿನ ಹುಲ್ಲಿನಲ್ಲಿ ಮಧ್ಯಾಹ್ನವೆಲ್ಲ ಮಂಡಿಯೂರಿ ಇವನ್ನು ನೆಟ್ಟಿದ್ದಳು. ಹೋಗುವಾಗ ನಗುತ್ತಾ ಕೈ ಬೀಸಿದಳು. ವೆಂಡೆಲ್ ಬೀಸಲಿಲ್ಲ.

ಬಾವುಟಗಳು ಸಾಲಾಗಿಯೂ ಇರಲಿಲ್ಲ. ಕೋಳಿಗೆ ಕಾಳು ಎರಚಿದ ಹಾಗೆ ಅಲ್ಲೆರಡು, ಇಲ್ಲೊಂದು. ನೂರೈವತ್ತು ಅಡಿಯ ಕಂಬ ನಿಲ್ಲಿಸಲು ಹೊರಟವರಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುವುದಿಲ್ಲ ಎಂದು ಬೈದುಕೊಂಡ.

ಹೈಟೆನ್ಷನ್ ಲೈನಿಗೆ ಎರಡು ದಾರಿಗಳನ್ನು ಗುರುತಿಸಿದ್ದರು. ಪೂರ್ವದ್ದು ವೆಂಡೆಲ್‌ನ ತಗ್ಗನ್ನು ದಾಟಿ, ಅವನಪ್ಪ ನೆಟ್ಟಿದ್ದ ಮೂರು ಸಾಲು ಸ್ಪ್ರೂಸ್ ಮರಗಳನ್ನು ಕೆಡವಿಕೊಂಡು ಹೋಗುವಂಥದ್ದು. ಮಿನ್ನೆಸೋಟದ ಜನವರಿ ಗಾಳಿಗೂ ಅವನ ಮನೆಗೂ ನಡುವೆ ಇದ್ದದ್ದು ಆ ಮರಗಳು ಮಾತ್ರ. ಪಶ್ಚಿಮದ್ದು ಪಕ್ಕದ ಆರ್ಲೋ ಬ್ರಾಟನ್‌ನ ದನ ಮೇಯುವ ಬಯಲಿನ ಮೇಲೆ, ಅವನ ಅಡುಗೆಮನೆ ಕಿಟಕಿಯ ಎದುರಿಗೇ ಹಾಯುತ್ತಿತ್ತು.

ಇಬ್ಬರೂ ಸೇರಿ ಹೋರಾಟ ಸಮಿತಿ ಕಟ್ಟಿದ್ದರು. ಹಸಿರು ಟೀ ಶರ್ಟುಗಳ ಮೇಲೆ ‘ಯಾರ ಹೊಲದಲ್ಲೂ ಬೇಡ’ ಎಂದು ಅಚ್ಚು ಹಾಕಿಸಿದ್ದರು. ವೆಂಡೆಲ್ ಅಧ್ಯಕ್ಷ. ಆರ್ಲೋಗೆ ಹುದ್ದೆ ಬೇಕಿರಲಿಲ್ಲ. ಅವನು ಕೊಟ್ಟದ್ದು ಒಂದೇ ಸಲಹೆ: ಲೈನಿನ ವಿಷಯಕ್ಕೆ ಬಂದ ಲಕೋಟೆಯನ್ನು, ಕಂಪನಿಯದಾಗಲಿ ಸರ್ಕಾರದ್ದಾಗಲಿ, ಯಾರೂ ಒಡೆಯಕೂಡದು. ಪ್ರತಿ ಶನಿವಾರ ಅವನೇ ಮನೆಮನೆಗೆ ಬಂದು ಲಕೋಟೆಗಳನ್ನು ಒಯ್ದು, ತನ್ನ ಹಿತ್ತಲಿನ ಡ್ರಮ್ಮಿನಲ್ಲಿ ಸುಡುತ್ತಿದ್ದ. ಸಭೆಯಲ್ಲಿ ಇದಕ್ಕೆ ಬಿದ್ದಷ್ಟು ಚಪ್ಪಾಳೆ ಅಧ್ಯಕ್ಷರ ಭಾಷಣಕ್ಕೂ ಬಿದ್ದಿರಲಿಲ್ಲ.

“ಒಳಗೇನಿದೆ ಅಂತಾದ್ರೂ ನೋಡಬಾರ್ದಾ?” ಎಂದಿದ್ದಳು ವೆಂಡೆಲ್‌ನ ಹೆಂಡತಿ ಲವೋನ್.

“ಓದಿದ್ರೆ ಅರ್ಧ ಒಪ್ಪಿಕೊಂಡ ಹಾಗೆ. ನಮಗೊಂದು ತತ್ವ ಅಂತ ಇದೆ.”

ತತ್ವದ ಮನುಷ್ಯನೇ. ಆದರೂ ಮೇ ತಿಂಗಳಲ್ಲಿ ಹೆಸರು ಹಾಕದೆ, ಲೈನಿನ ದಾರಿ ತೀರ್ಮಾನಿಸುವ ಸರ್ಕಾರಿ ಆಯೋಗಕ್ಕೊಂದು ಪತ್ರ ಬರೆದಿದ್ದ: ಪಶ್ಚಿಮದ ದಾರಿಯೇ ಸೂಕ್ತ, ಅಲ್ಲಿ ಒಂದಷ್ಟು ದನ ಬಿಟ್ಟರೆ ಮತ್ತೇನೂ ಇಲ್ಲ.

ಜುಲೈ ಮೊದಲ ವಾರ ಆರ್ಲೋ ಟ್ರಾಕ್ಟರಿನ ಹಿಂದೆ ನೇಗಿಲು ಸಿಕ್ಕಿಸಿಕೊಂಡು ಬಂದ. ಒಂದು ಕೈಯಲ್ಲಿ ಹೆಂಡತಿ ಮಾಡಿ ಕಳಿಸಿದ ಸಿಹಿತಿಂಡಿ, ರೂಬಾರ್ಬ್ ಪೈ. ಬೇಲಿಗೆ ಒರಗಿ ತಗ್ಗಿನ ಕಡೆ ಬಹಳ ಹೊತ್ತು ನೋಡಿದ.

“ಬಾವುಟ ಕಿತ್ರೆ ಸಾಕಾಗಲ್ಲ ಕಣೋ. ಗಟ್ಟಿ ಹುಲ್ಲುನೆಲ ಅಂದ್ರೆ ಅವರಿಗೆ ಹಬ್ಬ, ಲಾರಿ ನಿಲ್ಸೋಕೆ ಹಾಸಿ ಕೊಟ್ಟ ಹಾಗೆ. ಉತ್ತುಬಿಡು. ಅವರ ಕ್ರೇನು ಬಂದು ಹೂತ್ಕೊಳ್ಳಲಿ.”

“ನಮ್ಮಪ್ಪ ಆ ತಗ್ಗಿಗೆ ನೇಗಿಲು ಇಟ್ಟೋನೇ ಅಲ್ಲ ಮಾರಾಯ. ಯಾವಾಗ್ಲೂ ಕೆಸರು.”

“ಈ ವರ್ಷ ಒಣಗಿದೆಯಲ್ಲ. ನನ್ನ ನೇಗಿಲೇ ಇಟ್ಕೋ. ಆ ಬಿಳಿ ಹೂವಿನ ಕಳೆ ಇದೆ ನೋಡು, ಅದನ್ನ ಒಂದೂ ಬಿಡದೆ ಬೇರು ಮೇಲಾಗೋ ಹಾಗೆ ಮಗುಚು. ದನಕ್ಕೆ ಒಳ್ಳೇದಲ್ಲ ಅದು.”

“ನನ್ನ ಹತ್ರ ದನ ಎಲ್ಲಿದಾವೋ?”

“ನನ್ನ ಹತ್ರ ಇದಾವಲ್ಲ,” ಎಂದು ಆರ್ಲೋ ನಿಧಾನವಾಗಿ ನಕ್ಕ.

ವೆಂಡೆಲ್‌ಗೆ ಒಳಗೆಲ್ಲೋ ಚುರ್ ಎಂದಿತು. ಪಾಪ, ತನ್ನ ಕಿಟಕಿಯೆದುರು ಕಂಬ ಏಳಲಿ ಅಂತ ನಾನು ಪತ್ರ ಬರೆದದ್ದು ಗೊತ್ತಿಲ್ಲದೆ ನೇಗಿಲು ತಂದುಕೊಟ್ಟಿದ್ದಾನೆ, ಪೈ ಬೇರೆ. ಚುರ್ ಎಂದದ್ದು ಪೈ ಮುಗಿಯುವವರೆಗೆ ಇತ್ತು. ಸಂಜೆಯೊಳಗೆ ತಗ್ಗು ಕಪ್ಪಗಾಗಿತ್ತು.

“ಆ ಹೂವು ಸಂಜೆ ಹೊತ್ತು ಎಷ್ಟು ಘಮ್ಮಂತಿತ್ತು,” ಎಂದಳು ಲವೋನ್ ಕಿಟಕಿ ಮುಚ್ಚುತ್ತಾ.

ಆಗಸ್ಟ್ ಕೊನೆಯಲ್ಲಿ ಟೌನ್‌ಶಿಪ್ ಸಭಾಂಗಣದಲ್ಲಿ ಕೊನೆಯ ವಿಚಾರಣೆ. ತೆಳು ಕಾಫಿ, ತಟ್ಟೆ ತುಂಬ ನಿಂಬೆ ಕೇಕಿನ ತುಂಡುಗಳು, ಕುರ್ಚಿ ತುಂಬ ಹಸಿರು ಟೀ ಶರ್ಟುಗಳು. ಆಯೋಗದ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಒಂದೇ ವಾಕ್ಯ ಓದಿದ. ಲೈನು ಪೂರ್ವದ ದಾರಿಯಲ್ಲಿ ಹೋಗುತ್ತದೆ.

ವೆಂಡೆಲ್ ಕುರ್ಚಿ ಬೀಳಿಸಿಕೊಂಡು ಎದ್ದ.

“ಪೂರ್ವ ಯಾಕೆ? ಪಶ್ಚಿಮಕ್ಕೆ ಏನಾಗಿದೆ? ಅಲ್ಲಿ ಒಂದಷ್ಟು ದನ ಬಿಟ್ರೆ ಮತ್ತೇನೂ ಇಲ್ಲ!”

ಅಷ್ಟೂ ಹಸಿರು ಶರ್ಟುಗಳು ಅವನ ಕಡೆ ತಿರುಗಿದವು. ಅವನ ಎದೆಯ ಮೇಲೆ ‘ಯಾರ ಹೊಲದಲ್ಲೂ ಬೇಡ’ ದೊಡ್ಡದಾಗಿ ಕಾಣುತ್ತಿತ್ತು. ತಿರುಗದಿದ್ದವನು ಆರ್ಲೋ ಒಬ್ಬನೇ. ಅವನು ನಿಂಬೆ ಕೇಕಿನ ತುಂಡು ತಿನ್ನುತ್ತಿದ್ದ.

ಅಧಿಕಾರಿಯ ಪಕ್ಕದಿಂದ ರಬ್ಬರ್ ಬೂಟಿನ ಹುಡುಗಿ ಎದ್ದಳು. ಇವತ್ತು ಚಪ್ಪಲಿಯಲ್ಲಿದ್ದಳು.

“ಜೂನ್‌ನಲ್ಲಿ ಪಶ್ಚಿಮ ಅಂತಾನೇ ಆಗಿತ್ತು ಸರ್. ನಿಮ್ಮ ತಗ್ಗಿನಲ್ಲಿ ತುಂಬಾ ಅಪರೂಪದ ಆರ್ಕಿಡ್ ಸಿಕ್ಕಿತ್ತು. ಮೂವತ್ತೊಂದು ಗಿಡ, ಎಲ್ಲಾ ಇನ್ನೂ ಮೊಗ್ಗು. ಗಿಡಕ್ಕೊಂದು ಬಾವುಟ ನೆಟ್ಟು ಬಂದಿದ್ದೆ. ಅವು ಇದ್ದಿದ್ರೆ ನಿಮ್ಮ ಹೊಲದ ಮೇಲೆ ಒಂದು ಎಳೆ ತಂತಿ ಹೋಗೋಕೂ ಕಾನೂನು ಬಿಡ್ತಿರಲಿಲ್ಲ. ಈ ತಿಂಗಳು ಬಂದು ನೋಡಿದ್ರೆ ಬರೀ ಉತ್ತ ಮಣ್ಣು. ನಿಮ್ಮ ಜಮೀನು, ಉತ್ತಿದ್ದು ತಪ್ಪು ಅಂತ ನಾನು ಹೇಳಲ್ಲ.”

“ನನಗೆ ಯಾರೂ ಹೇಳಲೇ ಇಲ್ಲವಲ್ಲ!”

“ಎರಡೂ ಮನೆಗೆ ಕಾಗದ ಹಾಕಿದ್ವಿ ಸರ್. ಬ್ರಾಟನ್ ಅವರು ಓದಿ ಅವತ್ತೇ ಫೋನ್ ಮಾಡಿದ್ರು, ಪಾಪ, ಎಷ್ಟು ಕಾಳಜಿ ಅವರಿಗೆ. ಅರಳಿದಾಗ ಹೂವು ಯಾವ ಬಣ್ಣ ಇರುತ್ತೆ ಅಂತ ಕೇಳಿದ್ರು.”