ಕಲ್ಲುಸಕ್ಕರೆ ಕರಗುವ ತನಕ

ಸೈರನ್ ಕೂಗಿದಾಗ ಮಂದಾಕಿನಿ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಈಗಿನ ಕ್ಷಿಪಣಿಗಳು ಎಚ್ಚರಿಸಲು ಪುರುಸೊತ್ತು ಕೊಡುವುದಿಲ್ಲ; ಹಾಗಾಗಿ ಸೈರನ್ ಕೂಗುವುದು ಬಿದ್ದ ಮೇಲೆಯೇ. ಅದು ಕೇಳಿಸಿತೆಂದರೆ ಬಿದ್ದದ್ದು ಬೇರೆ ಊರಿನ ಮೇಲೆ. ಆಗ ಧಾರವಾಡದ ಮನೆಮನೆಯಲ್ಲೂ ಒಂದೊಂದು ಹರಳು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಕರಗುವ ತನಕ ಯಾವ ಊರೆಂದು ಕೇಳುವಂತಿಲ್ಲ, ಫೋನು, ರೇಡಿಯೊ ಮುಟ್ಟುವಂತಿಲ್ಲ.

ಅಕ್ಕ ಸುಮಿತ್ರಾ ಡಬ್ಬಿ ಮುಂದೆ ಹಿಡಿದಳು. "ತಗೋ ಮಂದಾ, ನಮ್ಮೂರಂತೂ ಉಳೀತು."

ಸುದ್ದಿಗಿಂತ ಮೊದಲು ಮುಟ್ಟುವ ಕ್ಷಿಪಣಿ ಬೇಕೆಂದು, ಕ್ಷಿಪಣಿ ಪ್ರಯೋಗಾಲಯದ ನೌಕರಿಯಲ್ಲಿದ್ದಾಗ ಹಟ ಹಿಡಿದವಳು ಮಂದಾಕಿನಿಯೇ. ಮೊದಲ ಪರೀಕ್ಷೆ ಗೆದ್ದ ದಿನ ಎಲ್ಲರಿಗೂ ಊರಿನಿಂದ ಫೇಡೆ ತರಿಸಿ ಹಂಚಿದ್ದಳು. ಗಡಿಯಾಚೆಯವರೂ ಅಂಥದ್ದನ್ನೇ ಮಾಡಿಕೊಳ್ಳಲು ಬಹಳ ಕಾಲ ಹಿಡಿಯಲಿಲ್ಲ.

ಇಷ್ಟು ದಿನ ಅವಳು ಹರಳನ್ನು ಕಟಕಟನೆ ಕಡಿದು ನುಂಗಿ, ಎಲ್ಲರಿಗಿಂತ ಮೊದಲು ರೇಡಿಯೊ ಹಚ್ಚುತ್ತಿದ್ದಳು. ಮೊನ್ನೆ ಮಗಳಿಗೆ ಕಲಬುರ್ಗಿಗೆ ವರ್ಗವಾಯಿತು. ಇವತ್ತು ಹರಳನ್ನು ನಾಲಿಗೆಯ ಕೆಳಗಿಟ್ಟುಕೊಂಡು ಅಲುಗದೆ ಕೂತಳು.

"ನಂದು ಕರಗಿತು," ಎಂದಳು ಸುಮಿತ್ರಾ. "ನಿಂದು ಆತೇನು? ರೇಡಿಯೊ ಹಚ್ಚಲಾ?"

"ಇನ್ನೂ ಅದ ಅಕ್ಕಾ, ತಡಿ," ಎಂದಳು ಮಂದಾಕಿನಿ.

ಅವಳ ಬಾಯಿ ಆಗಲೇ ಖಾಲಿಯಾಗಿತ್ತು.