ನಾಲ್ಕು ಸೆಕೆಂಡಿನ ಕರೆ

ಕಂಪ್ಯೂಟರಿನ ವಿಷಯ ಅರ್ಧಂಬರ್ಧ ತಿಳಿದವರು ಇಂಥ ಕಥೆ ಹೇಳಹೊರಡುವುದು ಉದ್ಧಟತನವೇ. ಕ್ಷಮಿಸಬೇಕು.

ಬೆಳಿಗ್ಗೆ ಏಳು ಗಂಟೆ ಎರಡು ನಿಮಿಷ. ಮತ್ತೆ ಅದೇ ಕರೆ, ಮತ್ತೆ ನಾಲ್ಕೇ ಸೆಕೆಂಡು. ಪರದೆಯ ಮೇಲೆ ಮೂಡಿದ ಸಾಲನ್ನು ಯೋಗೀಶ ಎರಡೆರಡು ಸಲ ಓದಿದ.

ಅದು ತೊಂಬತ್ತಾರನೇ ಇಸವಿ. ಕುಂದಾಪುರದ ಕೋಡಿಯ ಮನೆಯಲ್ಲಿ ಅವನು ಹವ್ಯಾಸಕ್ಕೆಂದು ಒಂದು ಬುಲೆಟಿನ್ ಬೋರ್ಡ್ ನಡೆಸುತ್ತಿದ್ದ. ಬ್ರಹ್ಮಾವರದ ಇಬ್ಬರು, ಬೈಂದೂರಿನ ಒಬ್ಬ ತಮ್ಮ ಕಂಪ್ಯೂಟರಿನಿಂದ ಅವನ ನಂಬರಿಗೆ ಫೋನು ಹಚ್ಚಿ, ಪತ್ರ ಬರೆದಿಟ್ಟು, ಇದ್ದದ್ದನ್ನು ಓದಿಕೊಂಡು ಹೋಗುತ್ತಿದ್ದರು. ಐದು ತಿಂಗಳ ಹಿಂದೆ ಅಕ್ಕನ ಬಾಣಂತನಕ್ಕೆ ಅಮ್ಮ ಮುಂಬೈಗೆ ಹೋದ ಮೇಲೆ ಈ ಬೋರ್ಡ್ ಶುರುವಾದದ್ದು. ಫೋನಿನ ಸದ್ದು ಬಂದ್ ಮಾಡಿಟ್ಟಿದ್ದ. ಮೊದಲ ಬೆಲ್ಲಿಗೇ, ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಮೋಡೆಮ್ ತಾನಾಗಿ ಕರೆ ಎತ್ತಿ ಕಿರ್ರೆಂದು ಕಿರುಚುತ್ತಿತ್ತು.

ಪರವಾನಗಿ ಇಲ್ಲದ ಬೋರ್ಡುಗಳ ಲೈನು ಕತ್ತರಿಸುತ್ತಾರೆಂದು ಸುದ್ದಿ ಹಬ್ಬಿತ್ತು. ಅಪ್ಪ ಆರು ವರ್ಷ ಕಾದು ಪಡೆದ ಲೈನು, ಕೇರಿಗೆಲ್ಲ ಅದೊಂದೇ. ಈ ನಾಲ್ಕು ಸೆಕೆಂಡಿನವನು ಯಾರು? ಎಂಟು ಹತ್ತು ದಿನಕ್ಕೊಮ್ಮೆ ಬರುತ್ತಾನೆ, ಕೆಲವೊಮ್ಮೆ ಬೆನ್ನಿಗೇ ಇನ್ನೊಂದು ಸಲ. ಎತ್ತಿದ ಕರೆಗೆ ನಾಲ್ಕು ಸೆಕೆಂಡಾದರೂ ದುಡ್ಡು ಬೀಳುತ್ತದೆ. ಬಿಲ್ಲು ಕಟ್ಟುವವನು ಹೀಗೆ ಮಾಡಲಾರ. ಬಿಲ್ಲೇ ಬಾರದವನು ಮಾಡಿಯಾನು. ಹಾಗಾದರೆ ಟೆಲಿಫೋನ್ ಇಲಾಖೆಯವನೇ.

ಹೊರಗೆ ಗೇಟು ಕಿರುಗುಟ್ಟಿತು. ಪಕ್ಕದ ಮನೆಯ ರತ್ನ, ಕೈಯಲ್ಲಿ ಬಟ್ಟೆಯ ಗಂಟು. ಗಂಡ ಸುಬ್ಬ ರತ್ನಾಗಿರಿಯ ಬೋಟಿಗೆ ಹೋಗಿ ಐದು ತಿಂಗಳಾಗಿತ್ತು. ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆಂದು ಕೇರಿಯಲ್ಲಿ ಗುಸುಗುಸು.

"ಫೋನ್ ಬಂತಾ, ಯೋಗೀಶಣ್ಣ?"

"ಇಲ್ಲೆ ರತ್ನಕ್ಕ. ನಿಮ್ಗಂತ ಯಾರೂ ಮಾತಾಡ್ಲಿಲ್ಲೆ."

"ಹಂಗಾರೆ ನಾನ್ ಬೈಂದೂರಿಗ್, ತಮ್ಮನ ಮನಿಗ್ ಹೋತೆ. ಇನ್ ತಿರ್ಗಿ ಬಪ್ಪುದಿಲ್ಲೆ."

ಕೀಲಿಕೈಯನ್ನು ಅವನ ಅಂಗೈಗೆ ಹಾಕಿದಳು. ಅವನಿಗೆ ಅವನದೇ ಚಿಂತೆ. ಒಳಗೆ ಓಡಿ ಮೋಡೆಮ್ ಕಿತ್ತುಹಾಕಿದ, ಫೋನಿನ ಸದ್ದು ಮೊದಲಿನಂತೆ ಮಾಡಿದ. ಇಲಾಖೆಯವನು ಈಗ ಬರಲಿ. ಬರೀ ಮನೆಯ ಫೋನು.

ಫೋನು ಬಡಿದುಕೊಂಡಿತು. ಎರಡು ಸಲ. ನಿಂತಿತು.

ಗೇಟಿನ ಬಳಿ ಗಂಟು ದೊಪ್ಪನೆ ಬಿತ್ತು. ರತ್ನ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದಳು, ನಗುತ್ತ, ಕಣ್ಣೊರೆಸಿಕೊಳ್ಳುತ್ತ.

"ಎರಡ್ ಬೆಲ್ ಕೊಟ್ಟ್ ಕಟ್ ಮಾಡ್ರೆ ನಮ್ಮನಿಯೋರ್ ದಡಕ್ ಬಂದ್ರ್ ಅಂತ ಲೆಕ್ಕ. ಎತ್ತದಿದ್ರೆ ದುಡ್ಡ್ ಬೀಳ್ತಿಲ್ಲೆ ಕಾಣಿ. ಮುಂಬೈಗ್ ಹೋಪ್ಕ್ ಮುಂಚೆ ನಿಮ್ಮಮ್ಮ ಬೆಲ್ ಎಣ್ಸಿ ಬೇಲಿ ಹತ್ರ ಬಂದ್ ಹೇಳ್ತಿದ್ರ್."

ಐದು ತಿಂಗಳು ಕಿವಿಗೆ ಬಿದ್ದ ಮೋಡೆಮಿನ ಆ ಕಿರುಚಾಟವನ್ನು ಸುಬ್ಬ ಏನೆಂದು ತಿಳಿದಿದ್ದನೋ, ಅದು ಮಾತ್ರ ಇವತ್ತಿಗೂ ಗೊತ್ತಿಲ್ಲ.